ಹಾರದ ಆ ವಿಮಾನವೂ ಲೆಕ್ಕಕ್ಕೆ ಬರಬೇಕು

ಮಾನ್ಯ ಸಂಪಾದಕರೇ,

ಧ್ರುವ ಪ್ರದೇಶದ ವಿಮಾನಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿ ಖುಷಿಯಾಯಿತು. ಆದರೆ ಅಂಟಾರ್ಕ್ಟಿಕಾದ ಕಥೆಯನ್ನು 1929ರಲ್ಲಿ ಅಮೆರಿಕದ ರಿಚರ್ಡ್ ಬರ್ಡ್ ತಂಡ ದಕ್ಷಿಣ ಧ್ರುವದ ಮೇಲೆ ಹಾರಿದ್ದರಿಂದ ಶುರು ಮಾಡಿದ್ದೀರಿ. ಅಂಟಾರ್ಕ್ಟಿಕಾಗೆ ಮೊದಲ ವಿಮಾನ ತಲುಪಿದ್ದು 1912ರಲ್ಲೇ. ಅದು ಹಾರಲಿಲ್ಲ, ನಿಜ. ಅದಕ್ಕೇ ಅದನ್ನು ಬಿಟ್ಟುಬಿಡಬಹುದೇ?

ಆಸ್ಟ್ರೇಲಿಯಾದ ಭೂವಿಜ್ಞಾನಿ ಡಗ್ಲಸ್ ಮಾಸನ್ ಅಂಟಾರ್ಕ್ಟಿಕಾಗೆ ಹೊರಟ ತಮ್ಮ ತಂಡಕ್ಕೆಂದು ವಿಕರ್ಸ್ ಕಂಪನಿಯ ಒಂಟಿ ರೆಕ್ಕೆಜೋಡಿಯ ವಿಮಾನ ಕೊಂಡಿದ್ದರು. ರೈಟ್ ಸಹೋದರರು ಹಾರಿ ಆಗ ಎಂಟೇ ವರ್ಷ! ಹೊರಡುವ ಮೊದಲೇ, 1911ರ ಅಕ್ಟೋಬರ್‌ನಲ್ಲಿ, ಅಡಿಲೇಡ್‌ನಲ್ಲಿ ಅದು ನೆಲಕ್ಕೆ ಬಿತ್ತು. ಒಳಗಿದ್ದ ಇಬ್ಬರೂ ಬದುಕಿದರು. ಬೇರೆಯವರಾಗಿದ್ದರೆ ವಿಮಾನವನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಮಾಸನ್ ರೆಕ್ಕೆಗಳನ್ನಷ್ಟೇ ಬಿಟ್ಟು ಉಳಿದದ್ದನ್ನು ಹಡಗಿಗೆ ಹಾಕಿಸಿದರು.

ತಂಡ ಬೀಡುಬಿಟ್ಟಿದ್ದ ಅಂಟಾರ್ಕ್ಟಿಕಾ ಕರಾವಳಿಯ ಕೇಪ್ ಡೆನಿಸನ್‌ನಲ್ಲಿ ಗಾಳಿ ವರ್ಷವಿಡೀ ಬಿರುಸು. ಅಲ್ಲಿ ಫ್ರಾಂಕ್ ಬಿಕರ್ಟನ್ ಎಂಬ ಯುವ ಎಂಜಿನಿಯರ್ ಆ ವಿಮಾನವನ್ನು ಹಿಮದ ಮೇಲೆ ಜಾರುವ ಬಂಡಿಯಾಗಿ ಮಾರ್ಪಡಿಸಿದರು. ಪ್ರೊಪೆಲ್ಲರ್ ತಿರುಗಿದರೆ ಅದು ಮುಂದೆ ಜಾರಿ, ಹಿಂದೆ ಕಟ್ಟಿದ ಸಾಮಾನನ್ನೂ ಎಳೆಯುತ್ತಿತ್ತು. 1912ರ ಡಿಸೆಂಬರ್‌ನಲ್ಲಿ ಪಶ್ಚಿಮಕ್ಕೆ ಹೊರಟಾಗ ಸುಮಾರು 16 ಕಿ.ಮೀ. ದೂರದಲ್ಲಿ ಎಂಜಿನ್ ಜಾಮ್ ಆಗಿ ನಿಂತೇಹೋಯಿತು. ಬಿಕರ್ಟನ್ ಮತ್ತು ಇಬ್ಬರು ಜೊತೆಗಾರರು ವಾಪಸ್ ಬರಲಿಲ್ಲ. ಸಾಮಾನನ್ನು ತಾವೇ ಎಳೆದುಕೊಂಡು ಮುಂದೆ ನಡೆದರು. ಆ ದಾರಿಯಲ್ಲೇ ಅವರಿಗೆ ಹಿಮದ ಮೇಲೆ ಕಪ್ಪು ಕಲ್ಲೊಂದು ಸಿಕ್ಕಿತು. ಅದು ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಮೊದಲ ಉಲ್ಕಾಶಿಲೆ. ಇವತ್ತು ಉಲ್ಕಾಶಿಲೆ ಹುಡುಕಲು ವಿಜ್ಞಾನಿಗಳು ಅಲ್ಲಿಗೇ ಹೋಗುತ್ತಾರೆ ಅಲ್ವಾ, ಅದರ ಮೊದಲ ಕಲ್ಲು ಇದು.

ಆಮೇಲೆ ಕೇಪ್ ಡೆನಿಸನ್‌ಗೆ ಎಳೆದು ತಂದ ವಿಮಾನದ ಚೌಕಟ್ಟು ಅಲ್ಲೇ ಉಳಿದು ಕಾಣೆಯಾಯಿತು. ಮಾಸನ್ ತಂಡದ ಗುಡಿಸಲುಗಳನ್ನು ಕಾಪಾಡುವ ಆಸ್ಟ್ರೇಲಿಯಾದ ಮಾಸನ್ಸ್ ಹಟ್ಸ್ ಫೌಂಡೇಶನ್‌ನವರು ಹಿಮದಡಿ ಹುಡುಕಿದರು. ಕೊನೆಗೆ 2010ರ ಜನವರಿ 1ರಂದು, ಸಮುದ್ರ ತುಂಬಾ ಇಳಿದಿದ್ದಾಗ, ದಡದ ಕಲ್ಲುಗಳ ನಡುವೆ ಅದರ ಕೆಲವು ಲೋಹದ ತುಂಡುಗಳು ಸಿಕ್ಕವು.

ಗುರಿ ಮುಟ್ಟಿದ ಯಂತ್ರಗಳ ಬಗ್ಗೆ ನಮ್ಮಲ್ಲಿ ಜಾಸ್ತಿ ಬರೆಯುತ್ತಾರೆ. ಕೆಟ್ಟ ಯಂತ್ರವನ್ನು ರಿಪೇರಿ ಮಾಡಿ, ಆಮೇಲೂ ಅದು ಕೈಕೊಟ್ಟಾಗ ಕೆಲಸ ಬಿಡದ ಬಿಕರ್ಟನ್‌ರಂಥವರ ಕಥೆ ನಮ್ಮ ಮಕ್ಕಳಿಗೆ ಸಿಗುವುದೇ ಇಲ್ಲ. ಮುಂದಿನ ಪುರವಣಿಯಲ್ಲಿ ಅವರಿಗೆ ಅರ್ಧ ಪುಟವಾದರೂ ಕೊಡಿ. ರೆಕ್ಕೆಯಿಲ್ಲದ ಆ ವಿಮಾನದ ಹಳೆಯ ಫೋಟೊ ಇದೆ, ಅದನ್ನೂ ಹಾಕಿ.

— ನಿವೃತ್ತ ವಿಜ್ಞಾನ ಶಿಕ್ಷಕಿ, ಶಿವಮೊಗ್ಗ