ಫೋರ್ಟಿನಲ್ಲಿ ಒಂದು ಹಾಟ್‌ಡಾಗ್ ಊಟ

ರಾಜ್ಯೋತ್ಸವದ ಕಂಸಾಳೆ ತಾಲೀಮು ಮುಗಿಯುವ ಹೊತ್ತಿಗೆ ಸಂಜೆ ಏಳೂವರೆಯಾಗಿತ್ತು. ಮಕ್ಕಳು ಹಸಿದು ಕಂಗಾಲಾಗಿದ್ದರು. ಯಾರ ಮನೆಗೆ ಹೋದರೂ ಅನ್ನಕ್ಕಿಟ್ಟು ಸಾರು ಕುದಿಸುವಷ್ಟರಲ್ಲಿ ಒಂಬತ್ತು ದಾಟುವುದು ಖಂಡಿತವಿತ್ತು. ಹೀಗಾಗಿ ಮೂರು ಸಂಸಾರಗಳ ಒಂಬತ್ತು ಮಂದಿ, ಮನಿಲಾದಲ್ಲಿರುವ ನಾವೆಲ್ಲ ಬಾಯಿಮಾತಿನಲ್ಲಿ ‘ಫೋರ್ಟ್’ ಎಂದು ಕರೆಯುವ ಬೋನಿಫಾಸಿಯೊ ಗ್ಲೋಬಲ್ ಸಿಟಿಯಲ್ಲಿ, ಶಾಂಗ್ರಿ-ಲಾ ಹೋಟೆಲಿನ ಕಟ್ಟಡದೊಳಗಿದ್ದ ಪಿಂಕ್ಸ್ ಹಾಟ್‌ಡಾಗ್ ಅಂಗಡಿಗೆ ನುಗ್ಗಿದೆವು. ಇದು ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆಗೆ ಬಂದ ಲೇಖನಗಳಲ್ಲಿ ಅರ್ಧಕ್ಕೂ ಹೆಚ್ಚು ಊಟ-ತಿಂಡಿಗೆ ಸಂಬಂಧಿಸಿದವಾದ್ದರಿಂದ, ಸಂಪಾದಕನೂ ಅದೇ ಪಂಕ್ತಿಯಲ್ಲಿ ಕೂರುವುದು ಕ್ರಮವೆನ್ನಿಸಿತು.

ಪಿಂಕ್ಸ್ ಹುಟ್ಟಿದ್ದು 1939ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಪಾಲ್ ಮತ್ತು ಬೆಟ್ಟಿ ಪಿಂಕ್ ಎಂಬ ದಂಪತಿ ಬೆಟ್ಟಿಯ ತಾಯಿಯಿಂದ 50 ಡಾಲರ್ ಸಾಲ ಪಡೆದು ಒಂದು ತಳ್ಳುಗಾಡಿ ಕೊಂಡು, ಲಾ ಬ್ರಿಯಾ ಮತ್ತು ಮೆಲ್ರೋಸ್ ರಸ್ತೆಗಳು ಕೂಡುವ ಜಾಗದ ಹತ್ತಿರ ನಿಲ್ಲಿಸಿ, ಚಿಲ್ಲಿ ಎಂಬ ಖಾರದ ಮಾಂಸದ ಗೊಜ್ಜು ಸುರಿದ ಹಾಟ್‌ಡಾಗನ್ನು 10 ಸೆಂಟಿಗೆ ಮಾರತೊಡಗಿದರು. 1946ರಲ್ಲಿ ಅಲ್ಲಿಯೇ ಒಂದು ಪುಟ್ಟ ಕಟ್ಟಡ ಎದ್ದಿತು. ಹಾಲಿವುಡ್ ಪಕ್ಕದಲ್ಲೇ ಇದ್ದುದರಿಂದ ಚಿತ್ರತಾರೆಯರೂ ಸರದಿಯಲ್ಲಿ ನಿಂತರು. ನಟ-ನಿರ್ದೇಶಕ ಆರ್ಸನ್ ವೆಲ್ಸ್ ಒಂದೇ ಸಲ ಕೂತು 18 ಹಾಟ್‌ಡಾಗ್ ಮುಗಿಸಿದನೆಂಬ ಕಥೆಯನ್ನು ಅಂಗಡಿಯವರು ಇಂದಿಗೂ ಹೇಳುತ್ತಾರೆ. ಸಿನಿಮಾದವರ ಹಸಿವಿನ ಕಥೆಗಳಲ್ಲಿ ಸ್ವಲ್ಪ ಉಪ್ಪುಖಾರ ಹೆಚ್ಚಿರುವುದು ಸಹಜವೇ.

ರಸ್ತೆಬದಿಯ ಆ ಅಂಗಡಿ ಮನಿಲಾಕ್ಕೆ ಬಂದು ಐಷಾರಾಮಿ ಹೋಟೆಲಿನ ಕಟ್ಟಡದಲ್ಲಿ ನೆಲೆಸಿತ್ತು. ನುಣುಪಾದ ಮೇಜು, ಸಣ್ಣಗೆ ಸಂಗೀತ, ಬೆನ್ನು ಕೊರೆಯುವ ಏಸಿ, ನಡು ಬಗ್ಗಿಸಿ ‘ಸರ್, ಮ್ಯಾಮ್’ ಎನ್ನುವ ಹುಡುಗರು. ನಾನು ತರಿಸಿಕೊಂಡದ್ದು ಚಿಲ್ಲಿ-ಚೀಸ್ ಹಾಟ್‌ಡಾಗ್. ಬನ್ನಿನ ಎರಡೂ ತುದಿಗಳಿಂದ ಸಾಸೇಜು ಹೊರಚಾಚಿತ್ತು. ಅದರ ಮೇಲೆ ಮಣ್ಣಿನ ಬಣ್ಣದ ಗಟ್ಟಿ ಚಿಲ್ಲಿ, ಕರಗಿ ಇಳಿಯುತ್ತಿದ್ದ ಚೀಸು, ಸಣ್ಣಗೆ ಹೆಚ್ಚಿದ ಈರುಳ್ಳಿ. ಕಚ್ಚಿದೊಡನೆ ಸಾಸೇಜಿನ ತೊಗಲು ಎಳೆಯ ಹುರುಳಿಕಾಯಿ ಮುರಿದಂತೆ ‘ಪಟ್’ ಎಂದಿತು. ರುಚಿಯಲ್ಲಿ ಕೊರತೆಯೇನೂ ಇರಲಿಲ್ಲ. ಆದರೂ ಏನೋ ಹೊಂದುತ್ತಿಲ್ಲ ಎನ್ನಿಸುತ್ತಲೇ ಇತ್ತು. ಮೇಜಿನ ಮೇಲೆ ಫೋರ್ಕು, ಚಾಕು ಇಟ್ಟಿದ್ದರು. ಬೆಂಗಳೂರಿನ ದರ್ಶಿನಿಯಲ್ಲಿ ಕಟ್ಟೆಗೆ ಒರಗಿ ನಿಂತು ಇಡ್ಲಿ ಅದ್ದಿ ತಿನ್ನುವವನನ್ನು ಕರೆತಂದು ಮಡಿಲ ಮೇಲೆ ಬಟ್ಟೆ ಹಾಸಿ ಕೂರಿಸಿದರೆ ಇಡ್ಲಿ ಅದೇ ಇಡ್ಲಿಯೇ, ಆದರೆ ತಿನ್ನುವವನು ಬೇರೆಯವನಾಗಿಬಿಟ್ಟಿರುತ್ತಾನೆ. ಬೀದಿಯ ತಿಂಡಿಗೆ ಅರ್ಧ ರುಚಿ ಕೊಡುವುದು ಸರದಿಯಲ್ಲಿ ನಿಂತು ಕಾದ ಕಾಲು ನೋವೇ. ಅದನ್ನು ಶಾಖೆ ತೆರೆದು ರಫ್ತು ಮಾಡಲು ಬರುವುದಿಲ್ಲ.

ಇನ್ನೊಂದು ವಿಚಿತ್ರವೂ ಇತ್ತು. ಹಾಟ್‌ಡಾಗ್ ಈ ದೇಶಕ್ಕೆ ಹೊಸದೇನಲ್ಲ. 1898ರಿಂದ ಹೆಚ್ಚುಕಡಿಮೆ ಅರ್ಧ ಶತಮಾನ ಅಮೆರಿಕನ್ನರ ಆಳ್ವಿಕೆಯಲ್ಲಿದ್ದ ಫಿಲಿಪ್ಪೀನ್ಸ್ ಅವರ ತಿಂಡಿಯನ್ನು ಇಟ್ಟುಕೊಂಡು ಅದರ ಗುಣವನ್ನೇ ಬದಲಿಸಿದೆ. ನಾವು ಕುಳಿತಿದ್ದ ನೆಲವೇ ಒಂದು ಕಾಲಕ್ಕೆ ಫೋರ್ಟ್ ಮೆಕಿನ್ಲಿ ಎಂಬ ಅಮೆರಿಕದ ಸೇನಾ ನೆಲೆಯಾಗಿತ್ತು. 1949ರಲ್ಲಿ ಫಿಲಿಪ್ಪೀನ್ಸ್ ಸರ್ಕಾರದ ಕೈಗೆ ಬಂದು, ಮುಂದೆ ಕ್ರಾಂತಿಕಾರಿ ಬೋನಿಫಾಸಿಯೊನ ಹೆಸರು ಪಡೆಯಿತು. ಎರಡನೆಯ ಮಹಾಯುದ್ಧದಲ್ಲಿ ಮಡಿದ 17,000ಕ್ಕೂ ಹೆಚ್ಚು ಯೋಧರ ಬಿಳಿ ಶಿಲುಬೆಗಳ ಸಾಲು ಈಗಲೂ ಅಲ್ಲಿಗೆ ಸಮೀಪದಲ್ಲೇ ಇದೆ. ಸೈನ್ಯ ಹೋಯಿತು, ಸಾಸೇಜು ಉಳಿಯಿತು. ಇಲ್ಲಿಯ ಮನೆಗಳಲ್ಲಿ ಕಡುಕೆಂಪು ಬಣ್ಣದ ಸಿಹಿಯಾದ ಹಾಟ್‌ಡಾಗನ್ನು ಬೆಳಗಿನ ತಿಂಡಿಗೆ ಎಣ್ಣೆಯಲ್ಲಿ ಹುರಿದು, ಬೆಳ್ಳುಳ್ಳಿ ಒಗ್ಗರಣೆಯ ಅನ್ನ ಮತ್ತು ಮೊಟ್ಟೆಯ ಜೊತೆ ಬಡಿಸಿ ‘ಹಾಟ್‌ಸಿಲೋಗ್’ ಎನ್ನುತ್ತಾರೆ. ಮಕ್ಕಳ ಹುಟ್ಟುಹಬ್ಬದಲ್ಲಿ ಹಾಟ್‌ಡಾಗಿನ ತುಂಡುಗಳನ್ನೂ ಮಾರ್ಷ್‌ಮ್ಯಾಲೊಗಳನ್ನೂ ಕಡ್ಡಿಗೆ ಪೋಣಿಸಿ, ಇಡೀ ಎಲೆಕೋಸಿಗೆ ಚುಚ್ಚಿ ಮುಳ್ಳುಹಂದಿಯಂತೆ ನಿಲ್ಲಿಸುವುದನ್ನು ಕಾಣದ ಕನ್ನಡಿಗ ಮನಿಲಾದಲ್ಲಿ ಇರಲಾರ.

ಇದರ ಜೊತೆಗೆ ಬಾಳೆಹಣ್ಣಿನ ಕೆಚಪ್ ಇರಲೇಬೇಕು. ಟೊಮೇಟೊ ಕೊರತೆಗೆ ಪರಿಹಾರವಾಗಿ, ಇಲ್ಲಿ ಬೇಕಾದಷ್ಟು ಸಿಗುವ ಬಾಳೆಹಣ್ಣಿನಿಂದ ಕೆಚಪ್ ಮಾಡಬಹುದೆಂದು ತೋರಿಸಿಕೊಟ್ಟವಳು ಮರಿಯಾ ಓರೋಸಾ ಎಂಬ ಆಹಾರ ರಸಾಯನ ವಿಜ್ಞಾನಿ. ಅಮೆರಿಕದ ಸಿಯಾಟಲ್‌ನಲ್ಲಿ ಓದಿ ತಾಯ್ನಾಡಿಗೆ ಮರಳಿದ ಈಕೆ 1945ರ ಫೆಬ್ರುವರಿಯಲ್ಲಿ ಮನಿಲಾ ಕದನದ ನಡುವೆ ಪ್ರಾಣ ಕಳೆದುಕೊಂಡಳು. ಯುದ್ಧಕಾಲದಲ್ಲಿ ಮಾರುಕಟ್ಟೆಗೆ ಬಂದು ಮನೆಮಾತಾದ ಈ ಕೆಚಪ್ಪಿಗೆ ಟೊಮೇಟೊ ಎಂದು ತೋರುವಂತೆ ಕೆಂಪು ಬಣ್ಣ ಬೆರೆಸುತ್ತಾರೆ. ಈ ಕಥೆ ಕೇಳಿದಾಗಲೆಲ್ಲ ನನಗೆ ರವೆ ಇಡ್ಲಿಯ ನೆನಪಾಗುತ್ತದೆ. ಅದೇ ಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲೇ ಇಡ್ಲಿ ಮಾಡಿದೆವೆಂದು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು ಹೇಳುತ್ತಾರೆ. ಒಂದೇ ಯುದ್ಧ, ಎರಡು ಅಡುಗೆಮನೆ; ಕೊರತೆ ತೀರಿದ ಮೇಲೂ ಎರಡು ಊರಿನವರೂ ಆ ಬದಲಿ ಪದಾರ್ಥವನ್ನು ಬಿಡಲಿಲ್ಲ. 1924ರಲ್ಲಿ ಶುರುವಾದ ಆ ಹೋಟೆಲ್ 2013ರಲ್ಲಿ ಸಿಂಗಪುರಕ್ಕೂ ಬಂದಿತಲ್ಲ, ಅಲ್ಲಿ ರವೆ ಇಡ್ಲಿ ತಿಂದ ನಮ್ಮ ಸದಸ್ಯರೊಬ್ಬರು “ಎಲ್ಲ ಸರಿಯಾಗಿದೆ, ಆದರೆ ಲಾಲ್‌ಬಾಗ್ ರಸ್ತೆಯಲ್ಲಿ ಒಂದು ಗಂಟೆ ಕಾದು ಬೈದುಕೊಳ್ಳುವ ಸುಖ ಇಲ್ಲ” ಎಂದದ್ದು ಪಿಂಕ್ಸ್ ಮೇಜಿನ ಮುಂದೆ ನನಗೆ ಪೂರ್ತಿ ಅರ್ಥವಾಯಿತು.

ನಮ್ಮ ಜೊತೆ ಲಾಸ್ ಬಾನ್ಯೋಸ್‌ನಿಂದ ಬಂದ ಸಂಸಾರವೂ ಇತ್ತು. ಯಜಮಾನರು ಅಲ್ಲಿಯ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿ, ಮಂಡ್ಯದ ಕಡೆಯವರು. 1960ರಲ್ಲಿ ಆರಂಭವಾದ ಆ ಸಂಸ್ಥೆಯ ದೆಸೆಯಿಂದ ಎಷ್ಟೋ ಕನ್ನಡ ಮನೆಗಳ ವಿಳಾಸ ಲಾಸ್ ಬಾನ್ಯೋಸ್ ಆಯಿತು. ಶಾಕಾಹಾರಿಯಾದ ಅವರು ಈರುಳ್ಳಿ ಬಳೆಗಳನ್ನು ತಿನ್ನುತ್ತಾ, ಇಂಗ್ಲಿಷಿನವರಿಗೆ ಗದ್ದೆಯಲ್ಲಿದ್ದರೂ ಮೂಟೆಯಲ್ಲಿದ್ದರೂ ತಟ್ಟೆಗೆ ಬಂದರೂ ‘ರೈಸ್’ ಒಂದೇ ಗತಿ, ನಮಗೆ ಮಾತ್ರ ಭತ್ತ, ಅಕ್ಕಿ, ಅನ್ನ, ಇಲ್ಲಿಯವರಿಗೂ ಹಾಗೆಯೇ ಪಾಲಾಯ್, ಬಿಗಾಸ್, ಕಾನಿನ್ ಎಂದು ವಿವರಿಸುತ್ತಿದ್ದರು.

ಅವರ ಏಳು ವರ್ಷದ ಮಗಳು ಇಲ್ಲೇ ಹುಟ್ಟಿದವಳು, ಶಾಲೆಯ ಗೆಳತಿಯರ ಡಬ್ಬಿಯಿಂದ ಎಲ್ಲವನ್ನೂ ಕಲಿತವಳು. ತಾನಾಗಿಯೇ ಆರಿಸಿ ತರಿಸಿಕೊಂಡ ಹಾಟ್‌ಡಾಗಿನ ಬನ್ನನ್ನು ಎರಡು ಹೋಳಾಗಿ ಬಿಡಿಸಿ, ಬದಿಗೆ ಸರಿಸಿ, ಸಾಸೇಜನ್ನು ತಟ್ಟೆಯ ನಡುವೆ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದಳು. ಬಡಿಸುವ ಹುಡುಗ ಹತ್ತಿರ ಬಂದಾಗ ಇಲ್ಲಿಯ ಭಾಷೆಯಾದ ತಾಗಾಲೋಗ್‌ನಲ್ಲಿ ಕಾನಿನ್ ಇದೆಯೇ ಎಂದು ಕೇಳಿದಳು. ಅವನು ನಕ್ಕು, ಇಲ್ಲವೆಂದು ತಲೆಯಾಡಿಸಿದ. ಅವಳು ಅಮ್ಮನ ಕಡೆ ತಿರುಗಿ, ಅಷ್ಟೇ ಗಂಭೀರವಾಗಿ ಕನ್ನಡದಲ್ಲಿ ದೂರು ಕೊಟ್ಟಳು: “ಅಮ್ಮಾ, ಇಲ್ಲಿ ಅನ್ನಾನೇ ಇಲ್ವಂತೆ.”