ನವೋದಯವೋ, ಖಾಸಗಿ ಶಾಲೆಯೋ? 4 ಮತ್ತು 5ನೇ ತರಗತಿ ಪೋಷಕರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಗುವನ್ನು 6ನೇ ತರಗತಿಗೆ ನವೋದಯಕ್ಕೆ (ಕೇಂದ್ರ ಸರ್ಕಾರದ ವಸತಿ ಶಾಲೆ) ಕಳಿಸೋದೋ, ಖಾಸಗಿ ಶಾಲೆಗೋ ಅಂತ ನಿನ್ನೆಯಿಂದ ಗುಂಪಿನಲ್ಲಿ ಮಾತು ನಡೀತಿದೆ, ಹಾಗಾಗಿ ನನಗೆ ತಿಳಿದಿದ್ದನ್ನು ಬರೆಯುತ್ತಿದ್ದೇನೆ.

ಅವಸರಪಟ್ಟು ಮಗುವನ್ನು ಈಗಲೇ ಪೇಟೆಯ ಶಾಲೆಗೆ ಸೇರಿಸಬೇಡಿ. ನವೋದಯದಲ್ಲಿ ಕನಿಷ್ಠ ಶೇ. 75ರಷ್ಟು ಸೀಟು ಹಳ್ಳಿ ಮಕ್ಕಳಿಗೆ. ಆದರೆ 3, 4, 5 ಮೂರೂ ತರಗತಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಮಧ್ಯೆ ಒಂದು ದಿನ ಪೇಟೆ ಶಾಲೆಗೆ ಹೋಗಿದ್ದರೂ ಆ ಮೀಸಲಾತಿ ಸಿಗುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಕೈ ಕಚ್ಚಿಕೊಂಡಿದ್ದಾರೆ.

ನವೋದಯದ 6ನೇ ತರಗತಿಗೆ ಸೇರಲು ಇರುವ ಪ್ರವೇಶ ಪರೀಕ್ಷೆ ಬರೆಯಲು ಒಂದೇ ಅವಕಾಶ. 2 ಗಂಟೆಯಲ್ಲಿ 80 ಪ್ರಶ್ನೆ. ಅದರಲ್ಲಿ 40 ಬರೀ ಚಿತ್ರ ನೋಡಿ ಬಿಡಿಸುವಂಥವು. ಕನ್ನಡದಲ್ಲೇ ಬರೆಯಬಹುದು.

ಊಟ, ವಸತಿ, ಪುಸ್ತಕ, ಬಟ್ಟೆ ಎಲ್ಲ ಉಚಿತ. ಖಾಸಗಿ ಶಾಲೆಯಲ್ಲಿ ಫೀಸಿನ ಜೊತೆ ವ್ಯಾನು, ಟ್ಯೂಷನ್ ಲೆಕ್ಕವೂ ಸೇರುತ್ತೆ, ಅಲ್ವಾ?

ಆದರೆ ಮಗು ಮನೆ ಬಿಟ್ಟಿರಬೇಕು. ನನ್ನ ತಂಗಿಯ ಮಗಳನ್ನು ಬಿಡಲು ಹೋದಾಗ ಅವಳು ಟ್ರಂಕಿನ ಬೀಗದ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಗೇಟಿನವರೆಗೂ ಮಾತೇ ಆಡಲಿಲ್ಲ. ಎರಡು ತಿಂಗಳು ಫೋನಿನಲ್ಲಿ ಬರೀ ಅಳು. ಆಮೇಲೆ ರಜೆಗೆ ಬಂದವಳು ತನ್ನ ಬಟ್ಟೆ ತಾನೇ ಒಗೆದು ಹಾಕಿದಳು. ರಾತ್ರಿ ಅಮ್ಮನ ಪಕ್ಕ ಮಲಗಿಯೇ ಅಭ್ಯಾಸವಿರುವ, ಅಂಜುಬುರುಕ ಮಗುವಾದರೆ ಊರ ಹತ್ತಿರದ ಶಾಲೆಯೇ ಸಾಕು ಅಂತ ನಾನು ಹೇಳುತ್ತೇನೆ.

ಸುಮ್ನೆ ಹತ್ತಿರದ ನವೋದಯಕ್ಕೆ ಒಮ್ಮೆ ಮಗುವನ್ನು ಕರ್ಕೊಂಡು ಹೋಗಿ ತೋರಿಸಿ. ಅರ್ಜಿಗೆ ಸಹಾಯ ಬೇಕಾದವರು ಇಲ್ಲೇ ಹೇಳಿ, ಕೂತು ತುಂಬಿಸೋಣ.