ಗಾಳಿ-ಮಳೆಗೆ ಮನೆ ವಿಮೆ: ಭಾನುವಾರ ಸೇರೋಣ

ಎಲ್ಲರಿಗೂ ನಮಸ್ಕಾರ ರೀ. ಮೊನ್ನೆಯ ಬಿರುಗಾಳಿಗೆ ನಮ್ಮ ಮಾಳಿಗೆಯ ಎರಡು ತಗಡು ಹಾರಿ ಪಕ್ಕದ ಬೇವಿನ ಮರಕ್ಕೆ ಸಿಕ್ಕಿಕೊಂಡಿದ್ದವು. ಕೆಳಗೆ ಮಕ್ಕಳು ಆಡುತ್ತಿದ್ದರು. ಈಗ ನೆನೆದರೂ ಎದೆ ಝಲ್ ಎನ್ನುತ್ತದೆ.

ಬಿರುಗಾಳಿ ವಿಮೆ ಕರಾವಳಿಯವರಿಗೆ ಮಾತ್ರ ಅಂತ ಸುಮ್ನೆ ಕೂರಬೇಡಿ. 2021ರ ಏಪ್ರಿಲ್‌ನಲ್ಲಿ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿ ನಮ್ಮ ಕೊಪ್ಪಳದ ಮನೆಗೂ ಸಿಗುತ್ತದೆ. ಬಿರುಗಾಳಿ, ಚಂಡಮಾರುತ, ಸಿಡಿಲು, ನೆರೆ, ಬೆಂಕಿ ಎಲ್ಲ ಅದರಲ್ಲೇ ಬರುತ್ತವೆ. ಮನೆಯ ವಿಮೆ ಮೊತ್ತ ಹಿಡಿಯುವಾಗ ಜಾಗದ ಬೆಲೆ ಲೆಕ್ಕಕ್ಕಿಲ್ಲ, ಮನೆ ಕಟ್ಟುವ ಖರ್ಚು ಮಾತ್ರ.

ಭಾನುವಾರ ಬೆಳಿಗ್ಗೆ 10ಕ್ಕೆ ಹನುಮಪ್ಪನ ಗುಡಿ ಕಟ್ಟೆಗೆ ಬನ್ನಿ. ಸ್ವಂತ ಮನೆ ಇರುವವರು ತೆರಿಗೆ ರಸೀದಿ, ಮನೆಯ ಅಳತೆ ತನ್ನಿ. ಗೋಡೆ, ಚಾವಣಿ, ತಗಡಿನ ಫೋಟೊ ಇವತ್ತೇ ತೆಗೆದಿಡಿ, ಹಾನಿಯಾದರೆ ಅದು ಬೇಕಾಗುತ್ತದೆ. ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ತಗಡಿನ ಮನೆಯವರು ದಯವಿಟ್ಟು ತಪ್ಪಿಸಬೇಡಿ.